ಗೇರ್‌ಬಾಕ್ಸ್ ಇಳಿಸಬೇಕು ಅಂದ್ರು, ಸಿಕ್ಕಿದ್ದು ಒಂದು ಗೇಣು ವೈರ್

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿ ಹತ್ತು ನಿಮಿಷ ಆಗಿರಬಹುದು. ಮುಂದೆ ಒಂದು ಟ್ಯಾಂಕರ್, ಅದರ ಮುಂದೆ ಇನ್ನೊಂದು. ಮಳೆ ಸಣ್ಣಗೆ ಹಿಡಿದಿತ್ತು. ರಸ್ತೆಯಲ್ಲಿ ಒಂದು ಗುಂಡಿ, ನೋಡಿಯೂ ತಪ್ಪಿಸಲಾಗಲಿಲ್ಲ, ಮುಂದಿನ ಎಡ ಚಕ್ರ ದಡ್ ಅಂತ ಇಳಿಯಿತು. ಅದರ ಬೆನ್ನಿಗೇ ಇನ್ನೊಂದು ದಡ್. ಇದು ರಸ್ತೆಯದಲ್ಲ, ಕಾರಿನ ಹೊಟ್ಟೆಯೊಳಗಿಂದ ಬಂದದ್ದು. "ರೀ, ಹಿಂದಿನಿಂದ ಯಾರಾದ್ರೂ ಗುದ್ದಿದ್ರಾ?" ಅಂತ ಹೆಂಡತಿ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಆಮೇಲೆ ಗಾಡಿ ಮೇಲೇಳಲೇ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಗುರುಗುಡುತ್ತದೆ, ಗಾಡಿ ಮಾತ್ರ ಎತ್ತಿನ ಗಾಡಿಯ ಹಾಗೆ ಎಳೆಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟು. ಡಿಕ್ಕಿಯಲ್ಲಿ ಅತ್ತೆ ಪುತ್ತೂರಿನಿಂದ ತುಂಬಿಸಿ ಕಳಿಸಿದ್ದ ತೆಂಗಿನಕಾಯಿ, ಹಲಸಿನ ಹಪ್ಪಳ, ಎರಡು ಡಬ್ಬಿ ಉಪ್ಪಿನಕಾಯಿ. ತೆಂಗಿನಕಾಯಿ ಭಾರಕ್ಕೆ ಹೀಗಾಯ್ತೇನೋ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಸ್ವಲ್ಪ ಅಗಲ ಇರುವ ಕಡೆ ಬದಿಗೆ ಹಾಕಿ, ಕೀ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದೆ. ಏನೂ ಆಗೇ ಇಲ್ಲ ಅನ್ನುವ ಹಾಗೆ ಬೆಣ್ಣೆಯಂತೆ ಹೊರಟಿತು. ದೋಣಿಗಲ್ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಹಾಗೇ ಆಯ್ತು. ಸಕಲೇಶಪುರದಿಂದ ಹಾಸನದವರೆಗೆ ಒಂದು ಸಲವೂ ಇಲ್ಲ. ಬಂದು ಹೋಗುವ ರೋಗ ಯಾವಾಗಲೂ ಹೀಗೇ, ಡಾಕ್ಟರ ಮುಂದೆ ಹೋಗಿ ಕೂತರೆ ಇರುವುದಿಲ್ಲ.

ಕಾರು ಯಾವುದು ಅಂತ ಹೇಳುವುದಿಲ್ಲ. ಯಾಕಂದ್ರೆ ಇಲ್ಲಿ ಕಾರಿನ ತಪ್ಪಿಲ್ಲ, ಅದು ಮುಂದೆ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಸೆಡಾನ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಈಗ ನಮ್ಮ ಕಡೆ ಆಟೋಮ್ಯಾಟಿಕ್ ಅಂದ ತಕ್ಷಣ ಎಷ್ಟೋ ಜನಕ್ಕೆ ನೆನಪಾಗುವುದು ಎಎಂಟಿ, 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಮನೆಮನೆಗೂ ಹೋಯ್ತಲ್ಲ, ಅದು. ಅದರಲ್ಲಿ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಕೆಲಸ, ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ನನ್ನದು ಹಳೇ ಕಾಲದ ಟಾರ್ಕ್ ಕನ್ವರ್ಟರ್ ಇರುವಂಥದ್ದು, ಅಂದ್ರೆ ಇಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟುವಂಥದ್ದು. ಒಳಗೆ ಎಣ್ಣೆಯ ಒತ್ತಡದಿಂದ ಬಿಗಿಯುವ ಕ್ಲಚ್‌ಗಳು. ಯಾವ ಕ್ಲಚ್ಚಿಗೆ ಯಾವಾಗ ಎಣ್ಣೆ ಬಿಡಬೇಕು ಅಂತ ತೀರ್ಮಾನ ಮಾಡುವುದು ಒಂದು ಪುಟ್ಟ ಕಂಪ್ಯೂಟರ್. ಅದು ಹೇಳಿದ್ದನ್ನು ಮಾಡುವುದು ಸೊಲೆನಾಯ್ಡ್‌ಗಳು, ಅಂದ್ರೆ ಕರೆಂಟು ಕೊಟ್ಟರೆ ಕೆಲಸ ಮಾಡುವ ಸಣ್ಣ ವಾಲ್ವ್‌ಗಳು. ಮನೆಯಲ್ಲಿ ವಾಷಿಂಗ್ ಮಷೀನಿಗೆ ನೀರು ಬಿಡುವ ವಾಲ್ವ್ ನೋಡಿದ್ದರೆ, ಅದರ ಚಿಕ್ಕ ತಮ್ಮ ಅಂದುಕೊಳ್ಳಿ.

ಮರುದಿನ ಒಂದು ದೊಡ್ಡ ಗ್ಯಾರೇಜಿಗೆ ಕೊಂಡುಹೋದೆ. ಅವರು ಒಂದು ರೌಂಡ್ ಓಡಿಸಿದರು, ಜರ್ಕ್ ಬರಲೇ ಇಲ್ಲ. ಗೇರ್ ಆಯಿಲ್ ಬದಲಿಸಿದರು, ಅದಕ್ಕೆ ಐದೂವರೆ ಸಾವಿರ. ಮೂರನೇ ದಿನ ಸಂತೆಪೇಟೆ ಕಡೆಯ ಒಂದು ಹಂಪಿನ ಮೇಲೆ ಮತ್ತೆ ದಡ್. ವಾಪಸ್ ಹೋದರೆ, "ಸರ್, ಗೇರ್‌ಬಾಕ್ಸ್ ಇಳಿಸಬೇಕು, ಸೊಲೆನಾಯ್ಡ್ ಎಲ್ಲಾ ಹೋಗಿದೆ, ಬಿಚ್ಚಿದ ಮೇಲೆ ಕ್ಲಚ್ ಪ್ಲೇಟೂ ನೋಡ್ಬೇಕಾಗುತ್ತೆ, ಅಂದಾಜು 85,000 ಇಟ್ಕೊಳ್ಳಿ" ಅಂದರು. ಕಾರಿನ ಬೆಲೆಯೇ ಈಗ ಎರಡು ಲಕ್ಷ ಬಂದರೆ ಪುಣ್ಯ.

ಸೊಲೆನಾಯ್ಡ್ ಹೋಗಿದೆ ಅಂತ ಹೇಗೆ ಹೇಳ್ತೀರಿ ಅಂತ ಕೇಳಿದೆ. ಮೀಟರ್ ಇಟ್ಟು ನೋಡಿದ್ವಿ, 3 ಓಮ್ ಇರಬೇಕಾದ್ದು 3.7 ತೋರಿಸ್ತಿದೆ, ಎಲ್ಲದರಲ್ಲೂ ಹಾಗೇ ಅಂದರು. ನನಗೆ ಅಲ್ಲೇ ತಲೆ ಕೆರೆಯಿತು. ಅವರು ಅಳೆದದ್ದು ಗಾಡಿ ಓಡಿಸಿ ಬಂದ ತಕ್ಷಣ. ಒಳಗಿನ ಎಣ್ಣೆ 90 ಡಿಗ್ರಿ ಹತ್ತಿರ ಇರುತ್ತದೆ. ತಾಮ್ರದ ಸುರುಳಿ ಬಿಸಿಯಾದರೆ ರೆಸಿಸ್ಟೆನ್ಸ್, ಅಂದ್ರೆ ಓಮ್‌ನಲ್ಲಿ ಅಳೆಯುವ ಕರೆಂಟಿನ ಅಡ್ಡಿ, ಏರುತ್ತದೆ, ಪ್ರತಿ ಡಿಗ್ರಿಗೆ ಶೇಕಡಾ 0.4ರ ಹತ್ತಿರ. 25ರಿಂದ 90ಕ್ಕೆ ಹೋದರೆ 65 ಡಿಗ್ರಿ, ಅಂದ್ರೆ ಕಾಲು ಭಾಗ ಜಾಸ್ತಿ. 3 ಓಮ್ 3.7 ಆಗಲೇಬೇಕು, ಆಗದಿದ್ದರೆ ಅದೇ ಆಶ್ಚರ್ಯ. ಎಲ್ಲಾ ಸೊಲೆನಾಯ್ಡ್‌ಗಳೂ ಸೇರಿ ಮಾತಾಡಿಕೊಂಡು ಒಂದೇ ದಿನ ಒಂದೇ ಅಳತೆಯಲ್ಲಿ ಕೆಡುತ್ತವಾ?

ನನ್ನ ಬಗ್ಗೆ ಒಂದು ಮಾತು. ನನ್ನ ಕೆಲಸ ಯುಪಿಎಸ್ ರಿಪೇರಿ. ಹಾಸನದ ಸುತ್ತಮುತ್ತ ಅಂಗಡಿ, ಮನೆ, ಸಹಕಾರಿ ಸಂಘ ಅಂತ ತಿರುಗಿ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಸುಟ್ಟ ಬೋರ್ಡ್ ಸರಿ ಮಾಡುವುದು. ಮಲ್ಟಿಮೀಟರ್ ನನ್ನ ಜೇಬಿನಲ್ಲೇ ಇರುತ್ತದೆ. ಕಾರಿನ ಗೇರ್‌ಬಾಕ್ಸ್ ಗೊತ್ತಿಲ್ಲ, ಕರೆಂಟು ಗೊತ್ತು. ಆದ್ದರಿಂದ 85,000ಕ್ಕೆ ಹೂಂ ಅನ್ನುವ ಮುಂಚೆ ಒಂದು ಭಾನುವಾರ ನಾನೇ ನೋಡೋಣ ಅಂದುಕೊಂಡೆ. ಒಂದು ಭಾನುವಾರ ಅಂದದ್ದು ನಾಲ್ಕಾಯ್ತು.

ಮೊದಲು ಆನ್‌ಲೈನಿನಲ್ಲಿ 600 ರೂಪಾಯಿಯ ಬ್ಲೂಟೂತ್ ಅಡಾಪ್ಟರ್ ತರಿಸಿದೆ. ಸ್ಟೀರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವುದು. ಅಮೆರಿಕದಲ್ಲಿ 1996ರಿಂದ ಎಲ್ಲಾ ಕಾರಿಗೂ ಇದು ಕಡ್ಡಾಯ, ನಮ್ಮಲ್ಲಿ ಪೂರ್ತಿಯಾಗಿ ಬಂದದ್ದು 2013ರ ಏಪ್ರಿಲ್‌ನಿಂದ. ಸಿಕ್ಕಿಸಿದೆ, ಒಂದೇ ಒಂದು ಕೋಡ್ ಬಂತು: ಪಿ 0700. ಇಂಟರ್‌ನೆಟ್ಟಿನಲ್ಲಿ ಇದನ್ನು ಹುಡುಕಿದರೆ ಗೇರ್‌ಬಾಕ್ಸ್ ಸತ್ತೇ ಹೋಯ್ತು ಅನ್ನುವ ಹಾಗೆ ಹೆದರಿಸುತ್ತಾರೆ. ಅದು ಹೇಳುವುದು ಇಷ್ಟೇ, "ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ದೂರು ಬರೆದಿಟ್ಟಿದೆ, ದಯವಿಟ್ಟು ಅಲ್ಲಿ ಹೋಗಿ ಓದಿ." ಆ ಕಂಪ್ಯೂಟರಿನ ಒಳಗಿನ ದೂರನ್ನು ಈ ಅಗ್ಗದ ಅಡಾಪ್ಟರಿನ ಆ್ಯಪ್ ಓದಲಿಲ್ಲ. ಸುಮ್ನೆ 600 ರೂಪಾಯಿ ದಂಡ ಅಂತಲೂ ಹೇಳಲಾರೆ, ಬೇರೆ ಕೆಲಸಕ್ಕೆ ಬರುತ್ತದೆ.

ನಮ್ಮ ಏರಿಯಾದಲ್ಲಿ ಒಬ್ಬರು ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಮರದ ಕೆಳಗೆ ಒಂದು ಶೆಡ್ಡು, ಅಷ್ಟೇ. ಲಾರಿಗಳ ಡೈನಮೋ, ಸೆಲ್ಫ್ ಮೋಟರು ಕಟ್ಟುತ್ತಲೇ ತಲೆ ನೆರೆತವರು. ಆದರೆ ಇತ್ತೀಚೆಗೆ ಒಳ್ಳೇ ಸ್ಕ್ಯಾನರ್ ಇಟ್ಟಿದ್ದಾರೆ ಅಂತ ಕೇಳಿದ್ದೆ. ಹೋಗಿ, "ಅಣ್ಣಾ, ಸ್ವಲ್ಪ ಓದಿ ಕೊಡ್ತೀರಾ" ಅಂದೆ. ಅವರು ಸಿಕ್ಕಿಸಿ, ಕನ್ನಡಕ ಏರಿಸಿ ಓದಿದರು. ಪಿ 0750, ಪಿ 0755, ಪಿ 0760. ಮೂರೂ ಬೇರೆ ಬೇರೆ ಸೊಲೆನಾಯ್ಡಿನ ಹೆಸರು ಹೇಳುವ ಕೋಡುಗಳು.

"ಹಾಗಾದ್ರೆ ಗ್ಯಾರೇಜಿನವರು ಹೇಳಿದ್ದೇ ನಿಜ, ಮೂರೂ ಹೋಗಿದೆ" ಅಂದೆ.

"ಸರ್, ಕೋಡ್ ಅಂದ್ರೆ ಸ್ಟೇಷನ್‌ಗೆ ಬಂದ ಕಂಪ್ಲೇಂಟ್ ಇದ್ದಂಗೆ. ಕಳ್ಳತನ ಎಲ್ಲಾಯ್ತು ಅಂತ ಇರುತ್ತೆ, ಕಳ್ಳ ಯಾರು ಅಂತ ಇರಲ್ಲ" ಅಂದರು. ಆಮೇಲೆ ಪಟ್ಟಿಯನ್ನು ಇನ್ನೊಂದು ಸಲ ಕೆಳಗೆ ಮೇಲೆ ಮಾಡಿ, "ಪಿ 0731 ಇಲ್ಲ, 32 ಇಲ್ಲ, 33 ಇಲ್ಲ, 34 ಇಲ್ಲ. ಇಳಿಸೋಕೆ ಹೋಗ್ಬೇಡಿ" ಅಂದರು.

ಇದು ನನಗೆ ಹೊಸದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇರ್‌ಬಾಕ್ಸಿಗೆ ಒಳಗೆ ಹೋಗುವ ಶಾಫ್ಟ್ ಎಷ್ಟು ವೇಗವಾಗಿ ತಿರುಗುತ್ತಿದೆ, ಹೊರಗೆ ಬರುವುದು ಎಷ್ಟು ತಿರುಗುತ್ತಿದೆ ಅಂತ ನೋಡಲು ಎರಡು ಸೆನ್ಸರ್ ಇರುತ್ತವೆ. ಎರಡನ್ನೂ ಭಾಗಿಸಿದರೆ ಗೇರಿನ ಅನುಪಾತ ಸಿಗುತ್ತದೆ. ಎರಡನೇ ಗೇರ್ ಹಾಕಿದ್ದೇನೆ ಅಂತ ಕಂಪ್ಯೂಟರ್ ಅಂದುಕೊಂಡಿದ್ದು, ಲೆಕ್ಕ ಮಾತ್ರ ತಾಳೆಯಾಗದಿದ್ದರೆ ಎಲ್ಲೋ ಕ್ಲಚ್ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ಆಗ ಬರುವುದು ಪಿ 0731ರಿಂದ 0734, ಒಂದರಿಂದ ನಾಲ್ಕನೇ ಗೇರಿಗೆ ಒಂದೊಂದು. ಪ್ಲೇಟ್ ಸವೆದಿದ್ದರೆ ಇವುಗಳಲ್ಲಿ ಒಂದಾದರೂ ಇರಬೇಕಿತ್ತು. ಗೇರ್ ಆಯಿಲ್ ನೋಡುವ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿದರು. ಆಯಿಲ್ ಬದಲಿಸಿ ವಾರ ಆಗಿತ್ತಷ್ಟೆ, ಅದೂ ತಿಳಿಗೆಂಪು, ಸುಟ್ಟ ವಾಸನೆ ಇಲ್ಲ. ಯಂತ್ರ ಚೆನ್ನಾಗಿದೆ, ಕೆಟ್ಟಿರುವುದು ಕರೆಂಟು. ಅವರಿಗೆ ಆ ವಾರ ಪುರುಸೊತ್ತಿರಲಿಲ್ಲ, ಶೆಡ್ಡಿನ ಮುಂದೆ ನಾಲ್ಕು ಲಾರಿ ನಿಂತಿದ್ದವು. "ನೀವೂ ಕರೆಂಟಿನವರೇ ಅಲ್ವಾ ಸರ್, ನೋಡಿ" ಅಂತ ಕಳಿಸಿದರು.

ಘಾಟಿಯಲ್ಲಿ ಆ ಎರಡನೇ ದಡ್ ಆದಮೇಲೆ ಗಾಡಿ ಯಾಕೆ ಮೇಲೇಳಲಿಲ್ಲ ಅನ್ನುವುದೂ ಅಲ್ಲೇ ಗೊತ್ತಾದದ್ದು, ಅದು ಮೂರನೇ ಗೇರಿನಲ್ಲೇ ಸಿಕ್ಕಿಕೊಂಡಿತ್ತು. ಈ ಥರದ ಗೇರ್‌ಬಾಕ್ಸಿನಲ್ಲಿ ಎಲ್ಲಾ ಸೊಲೆನಾಯ್ಡ್‌ಗಳಿಗೂ 12 ವೋಲ್ಟ್ ಹೋಗುವುದು ಒಂದು ರಿಲೇ ಮೂಲಕ, ಅಂದ್ರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚು. ಕಂಪ್ಯೂಟರ್ ಮಾಡುವುದು ಆ ಕಡೆ ಅರ್ತ್ ಕೊಟ್ಟು ಬಿಟ್ಟು, ಕೊಟ್ಟು ಬಿಟ್ಟು ಆಡಿಸುವುದು. ತಾನು ಕೊಟ್ಟ ಆಜ್ಞೆಗೆ ತಕ್ಕ ವೋಲ್ಟೇಜ್ ವಾಪಸ್ ಕಾಣಿಸದಿದ್ದರೆ ಅದಕ್ಕೆ ಹೆದರಿಕೆ. ತಪ್ಪು ಗೇರ್ ಬಿದ್ದು ಏನಾದರೂ ಮುರಿಯುವ ಬದಲು ಇರಲಿ ಅಂತ ಆ ರಿಲೇಯನ್ನೇ ಆಫ್ ಮಾಡಿಬಿಡುತ್ತದೆ. ಯಾವ ಸೊಲೆನಾಯ್ಡಿಗೂ ಕರೆಂಟಿಲ್ಲದಾಗ ಎಣ್ಣೆ ತಾನೇ ತಾನಾಗಿ ಹರಿದು ಮೂರನೇ ಗೇರ್ ಬೀಳುವ ಹಾಗೆ ಒಳಗಿನ ವಾಲ್ವ್‌ಗಳನ್ನು ಜೋಡಿಸಿರುತ್ತಾರೆ. ರಿವರ್ಸೂ ಬೀಳುತ್ತದೆ. ಹೇಗಾದರೂ ಮನೆ ಮುಟ್ಟಿಕೋ ಅಂತ. ಕೀ ತೆಗೆದು ಹಾಕಿದರೆ ಹೊಸದಾಗಿ ಪರೀಕ್ಷೆ ಮಾಡುತ್ತದೆ, ಆ ಹೊತ್ತಿಗೆ ಸರಿ ಇದ್ದರೆ ಎಂದಿನಂತೆ ನಡೆಯುತ್ತದೆ. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಏರು ಹತ್ತಿಸುತ್ತಾ ಹೋದರೆ ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆ ಕಡೆದು ಕಡೆದು ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ನಿಲ್ಲಿಸಿದ್ದು ಒಳ್ಳೆಯದಾಯ್ತು.

ಇದನ್ನು ಕೇಳಿದ ಮೇಲೆ ಲೆಕ್ಕ ಸುಲಭ ಅಲ್ವಾ. ಮೂರು ಸೊಲೆನಾಯ್ಡ್ ಒಟ್ಟಿಗೆ ಕೆಡುವುದಿಲ್ಲ. ಮೂರಕ್ಕೂ ಸಾಮಾನ್ಯವಾದದ್ದು ಯಾವುದು? ರಿಲೇ, ರಿಲೇಯಿಂದ ಬರುವ ವೈರ್, ಗೇರ್‌ಬಾಕ್ಸಿನ ಮೇಲೆ ವೈರುಗಳು ಬಂದು ಸಿಕ್ಕಿಕೊಳ್ಳುವ ಪ್ಲಗ್ಗು ಅಂದ್ರೆ ಕಪ್ಲರ್, ಆ ಕಡೆ ಕಂಪ್ಯೂಟರ್, ಅದರ ಅರ್ತ್. ಬೀದಿಯ ಮೂರು ಮನೆಯಲ್ಲಿ ಒಟ್ಟಿಗೆ ಲೈಟ್ ಮಂಕಾದರೆ ನಾವು ಮೂರು ಮನೆಯ ಬಲ್ಬ್ ಬದಲಿಸುವುದಿಲ್ಲ, ಕಂಬ ನೋಡುತ್ತೇವೆ.

ಮೊದಲ ಭಾನುವಾರ ಅರ್ತ್ ನೋಡಿದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಗೇರ್‌ಬಾಕ್ಸಿನ ಮೈಗೆ, ಹೆಂಡತಿಗೆ ಸೆಲ್ಫ್ ಹೊಡಿ ಅಂದೆ. 0.15 ವೋಲ್ಟ್. ಸ್ಟಾರ್ಟರ್ ಅಷ್ಟೊಂದು ಕರೆಂಟ್ ಎಳೆಯುವಾಗಲೂ ಇಷ್ಟೇ ಅಂದ್ರೆ ಮೈಯ ಅರ್ತ್ ಗಟ್ಟಿಯಾಗಿದೆ. ಕಂಪ್ಯೂಟರಿನ ಅರ್ತ್ ವೈರನ್ನೂ ಕೀ ಆನ್ ಮಾಡಿ ನೋಡಿದೆ, 0.03. ಸರಿ.

ಎರಡನೇ ಭಾನುವಾರ ನಾನು ಪೆದ್ದನಾದ ದಿನ. ಗೇರ್‌ಬಾಕ್ಸಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, 12 ವೋಲ್ಟ್ ಬರಬೇಕಾದ ಪಿನ್ನಿಗೆ ಮೀಟರ್ ಇಟ್ಟೆ. ಸೊನ್ನೆ. ಹುರ್ರೇ, ಸಿಕ್ಕಿತು! ರಿಲೇ ಹೋಗಿದೆ! ಓಡಿಹೋಗಿ 280 ರೂಪಾಯಿಗೆ ಹೊಸ ರಿಲೇ ತಂದು ಹಾಕಿದೆ. ಮತ್ತೆ ಸೊನ್ನೆ. ಫ್ಯೂಸ್ ನೋಡಿದೆ, ಸರಿ ಇದೆ. ಕೀ ಆಫ್ ಮಾಡಿ ಆನ್ ಮಾಡಿದರೆ ಒಂದು ಚೂರು ಹೊತ್ತು 12 ಬಂದ ಹಾಗೆ ಮಾಡಿ ಮತ್ತೆ ಸೊನ್ನೆ. ಅರ್ಧ ದಿನ ಇದರ ಹಿಂದೆ ಬಿದ್ದೆ, ಊಟಕ್ಕೆ ಕರೆದರೂ ಹೋಗಲಿಲ್ಲ. ಕೊನೆಗೆ ಕೈ ತೊಳೆಯುವಾಗ ಹೊಳೆಯಿತು. ಕಪ್ಲರ್ ಬಿಚ್ಚಿದವನು ನಾನೇ. ಸೊಲೆನಾಯ್ಡ್ ಒಂದೂ ಕಾಣುತ್ತಿಲ್ಲ ಅಂತ ಕಂಪ್ಯೂಟರ್ ರಿಲೇ ಆಫ್ ಮಾಡುತ್ತಿದೆ! ಅದು ಮಾಡಬೇಕಾದ ಕೆಲಸವನ್ನೇ ಅದು ಮಾಡುತ್ತಿದೆ, ನಾನು ಅದನ್ನೇ ರೋಗ ಅಂದುಕೊಂಡೆ.

ಹಾಗಾದರೆ ಕಂಪ್ಯೂಟರನ್ನು ಪಕ್ಕಕ್ಕಿಡಬೇಕು. ಸಂಜೆ ರಿಲೇ ಕಿತ್ತು, ಅದರ ಸಾಕೆಟ್ಟಿನಲ್ಲಿ 30 ಮತ್ತು 87ನೇ ನಂಬರಿನ ಜಾಗಕ್ಕೆ, ಅಂದ್ರೆ ಕರೆಂಟು ಬರುವ ಮತ್ತು ಹೋಗುವ ಪಿನ್ನುಗಳ ಜಾಗಕ್ಕೆ, ಒಂದು ವೈರ್ ಜೋಡಿಸಿದೆ, ಮಧ್ಯೆ 10 ಆಂಪ್ ಫ್ಯೂಸ್ ಇಟ್ಟು. ಫ್ಯೂಸ್ ಇಲ್ಲದೆ ಇದನ್ನು ಯಾರೂ ಮಾಡಬೇಡಿ, ಎಲ್ಲಾದರೂ ಶಾರ್ಟ್ ಆದರೆ ವೈರಿಂಗ್ ಹೊತ್ತಿಕೊಳ್ಳುತ್ತದೆ. ಈಗ ಕಪ್ಲರಿನ ಪಿನ್ನಿನಲ್ಲಿ ನೋಡಿದರೆ 12.4. ಬ್ಯಾಟರಿಯಲ್ಲೂ 12.4. ಅಂದ್ರೆ ವೈರ್ ಚೆನ್ನಾಗಿದೆ. ನನ್ನ ಉತ್ಸಾಹ ಅಲ್ಲಿಗೆ ಇಳಿಯಿತು. ಉಳಿದದ್ದು ಕಂಪ್ಯೂಟರ್ ಒಂದೇ, ಅದಕ್ಕೆ ಗುಜರಿಯಲ್ಲೇ 12,000 ಹೇಳುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸೋಣ ಅಂತ ಒಬ್ಬ ಗೆಳೆಯನಿಗೆ ಫೋನೂ ಮಾಡಿದೆ.

ಆ ವಾರದ ಮಧ್ಯೆ ಆಲೂರು ಕಡೆ ಒಂದು ಮನೆಗೆ ಯುಪಿಎಸ್ ನೋಡಲು ಹೋಗಿದ್ದೆ. ಆ ಮನೆಯ ಹುಡುಗ ಮೀಟರ್ ಇಟ್ಟು ನೋಡಿಕೊಂಡಿದ್ದಾನೆ, "ಅಂಕಲ್, ಬ್ಯಾಟರಿ 12.6 ಇದೆ, ಹೊಸದರ ಥರ ಇದೆ, ಯುಪಿಎಸ್ಸೇ ಕೆಟ್ಟಿರೋದು" ಅಂತ ನನಗೇ ಪಾಠ. ನಾನು ನಕ್ಕು, ಜೋರಾಗಿ ಕರೆಂಟು ಎಳೆದು ನೋಡುವ ಲೋಡ್ ಟೆಸ್ಟರ್ ಹಚ್ಚಿದೆ, ಮುಳ್ಳು 8ಕ್ಕೆ ಬಿತ್ತು. "ನೋಡಪ್ಪಾ, ಲೋಡ್ ಹಾಕದೆ ಬ್ಯಾಟರಿ ನಂಬಬಾರದು. ಖಾಲಿ ಕೂತಾಗ ಎಲ್ಲರೂ ಪೈಲ್ವಾನರೇ" ಅಂದೆ. ದಿನಕ್ಕೆ ನಾಲ್ಕು ಮನೆಯಲ್ಲಿ ಹೇಳುವ ಮಾತು. ಅವತ್ತು ಬೈಕ್ ಹತ್ತಿ ಎರಡು ಕಿಲೋಮೀಟರ್ ಬಂದ ಮೇಲೆ ಅದು ನನಗೇ ತಾಗಿತು. ಮೀಟರ್ ಅನ್ನುವುದು ವೈರಿನಿಂದ ಕರೆಂಟನ್ನೇ ಎಳೆಯುವುದಿಲ್ಲ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ 12.4 ಬರುತ್ತದೆ. ಸೊಲೆನಾಯ್ಡ್ 3 ಓಮ್, ಪೂರ್ತಿ ಕರೆಂಟು ಬಿಟ್ಟರೆ ಒಂದಕ್ಕೇ 4 ಆಂಪ್. ದಾರಿಯಲ್ಲಿ ಬರೀ 1 ಓಮ್ ಅಡ್ಡ ಇದ್ದರೂ ಅಲ್ಲೇ 3 ವೋಲ್ಟ್ ನುಂಗಿ ಹೋಗುತ್ತದೆ, ಸೊಲೆನಾಯ್ಡಿಗೆ ಸಿಗುವುದು 9. ಆ 1 ಓಮನ್ನು ಮೀಟರಿನಲ್ಲಿ ನೇರವಾಗಿ ಅಳೆಯಲು ಹೋದರೂ ಅದರ ಕಡ್ಡಿಗಳೇ 0.3 ತೋರಿಸುತ್ತವೆ, ವೈರ್ ಅಲುಗಾಡಿದರೆ ಒಂದೊಂದು ಸಲ ಒಂದೊಂದು.

ಮೂರನೇ ಭಾನುವಾರ ಹಳೇ ಹೆಡ್‌ಲೈಟ್ ಬಲ್ಬ್ ಒಂದನ್ನು ತೆಗೆದುಕೊಂಡೆ. 55 ವ್ಯಾಟಿನದು, ಹೈಬೀಮ್ ಸುಟ್ಟು ಬಿಸಾಡಿದ್ದದ್ದು. ಇದು 12 ವೋಲ್ಟಿಗೆ ಸುಮಾರು 4.6 ಆಂಪ್ ಎಳೆಯುತ್ತದೆ, ಅಂದ್ರೆ ಹೆಚ್ಚುಕಮ್ಮಿ ಒಂದು ಸೊಲೆನಾಯ್ಡ್ ಎಳೆದಷ್ಟೇ. ಇದಕ್ಕಿಂತ ಒಳ್ಳೇ ಪರೀಕ್ಷಕ ಬೇಕಾ? ಎರಡು ವೈರ್ ಬೆಸುಗೆ ಹಾಕಿ, ಮೊದಲು ನೇರ ಬ್ಯಾಟರಿಗೆ ಕೊಟ್ಟೆ. ಕಣ್ಣು ಕುಕ್ಕುವ ಬಿಳಿ. ಆಮೇಲೆ ರಿಲೇ ಜಾಗದಲ್ಲಿ ಫ್ಯೂಸಿನ ವೈರ್ ಹಾಕಿ, ಗೇರ್‌ಬಾಕ್ಸ್ ಕಪ್ಲರಿಗೆ ಬರುವ 12 ವೋಲ್ಟ್ ಪಿನ್ನಿನಿಂದ ಬಲ್ಬಿಗೆ, ಬಲ್ಬಿನಿಂದ ಬ್ಯಾಟರಿಯ ಮೈನಸ್ಸಿಗೆ.

ಅರಿಶಿನ ಬಣ್ಣದಲ್ಲಿ, ದೇವರ ಮನೆ ದೀಪದ ಹಾಗೆ ಉರಿಯಿತು.

ಮೀಟರ್ ಇಟ್ಟು ನೋಡಿದೆ, 8.7. ವೈರಿಂಗ್ ಹಿಡಿದು ಸ್ವಲ್ಪ ಅಲುಗಿಸಿದರೆ 10 ಆಗುತ್ತದೆ, ಇನ್ನೊಂದು ಕಡೆ ಒತ್ತಿದರೆ 6 ಆಗುತ್ತದೆ, ಬಲ್ಬ್ ಅದರ ಜೊತೆ ಉಸಿರಾಡುತ್ತದೆ. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೆ ನನ್ನ ಮುಖ ನೋಡಿ ಸಿಕ್ಕಿತು ಅಂತ ಗೊತ್ತಾಯ್ತಂತೆ.

ಇಲ್ಲಿ ಒಂದು ಎಚ್ಚರಿಕೆ. ಈ ಬಲ್ಬನ್ನು ಬ್ಯಾಟರಿಯಿಂದ ಬರುವ ಪವರ್ ವೈರಿಗೆ ಮಾತ್ರ ಹಾಕಬೇಕು. ಕಂಪ್ಯೂಟರಿನಿಂದ ಬರುವ ಪಿನ್ನಿಗೋ, 5 ವೋಲ್ಟಿನ ಸೆನ್ಸರ್ ವೈರಿಗೋ ಹಾಕಿದರೆ ಕಂಪ್ಯೂಟರ್ ಸುಟ್ಟು, ಆಮೇಲೆ ನಿಜವಾಗಿಯೂ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ವೈರಿಂಗ್ ಡಯಾಗ್ರಾಂ ಇಲ್ಲದೆ ಕೈ ಹಾಕಬೇಡಿ. ನನಗೆ ಡಯಾಗ್ರಾಂ ಕೊಟ್ಟದ್ದು ಆ ಎಲೆಕ್ಟ್ರಿಷಿಯನ್ ಅಣ್ಣನೇ. ಇನ್ನೊಂದು, ವೈರಿನ ಪ್ಲಾಸ್ಟಿಕ್ಕಿಗೆ ಪಿನ್ ಚುಚ್ಚಿ ನೋಡುವ ಚಟ ಕೆಲವರಿಗಿದೆ. ಆ ತೂತಿನಿಂದ ನೀರು ಹೋಗಿ ಮುಂದಿನ ಮಳೆಗಾಲಕ್ಕೆ ಹೊಸ ರೋಗ ಬರುತ್ತದೆ. ಕಪ್ಲರಿನ ಹಿಂಭಾಗದಿಂದ ಸಣ್ಣ ತಂತಿ ತೂರಿಸಿ ನೋಡಬಹುದು.

ಎಲ್ಲಿ ಅನ್ನುವುದು ಬಾಕಿ. ರಿಲೇಯಿಂದ ಗೇರ್‌ಬಾಕ್ಸಿನವರೆಗೆ ಹತ್ತಿರ ಹತ್ತಿರ ಐದು ಅಡಿ ವೈರಿಂಗ್, ಕಪ್ಪು ಟೇಪ್ ಸುತ್ತಿ, ಸುಕ್ಕು ಪೈಪಿನೊಳಗೆ. ಬಲ್ಬ್ ಉರಿಯುತ್ತಲೇ ಇರಲಿ ಅಂತ ಬಿಟ್ಟು, ಒಂದೊಂದು ಗೇಣಿಗೆ ಮೆಲ್ಲಗೆ ಬಾಗಿಸುತ್ತಾ ಬಂದೆ. ಫ್ಯೂಸ್ ಪೆಟ್ಟಿಗೆ ಹತ್ತಿರ ಏನೂ ಇಲ್ಲ. ಗೇರ್‌ಬಾಕ್ಸ್ ಹತ್ತಿರ ಏನೂ ಇಲ್ಲ. ಬ್ಯಾಟರಿ ಕೂರುವ ತಗಡಿನ ಟ್ರೇ ಕೆಳಗೆ ಕೈ ಹಾಕಿ ಮುಟ್ಟಿದೆ, ಬಲ್ಬ್ ಆರಿಯೇ ಹೋಯ್ತು.

ಬ್ಯಾಟರಿ ಎತ್ತಿ, ಟ್ರೇ ಬಿಚ್ಚಿದೆ. ಟ್ರೇಯ ಒಂದು ಮೂಲೆ ತುಕ್ಕು ಹಿಡಿದು ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಅದರ ಚೂಪು ಅಂಚು ಕೆಳಗೆ ಹೋಗುವ ವೈರಿಂಗ್ ಪೈಪನ್ನು ತೇಯ್ದು ತೇಯ್ದು ಸೀಳಿತ್ತು. ಟೇಪ್ ಬಿಡಿಸಿದಾಗ ಒಳಗಿನ ವೈರುಗಳಲ್ಲಿ ಒಂದರ ಪ್ಲಾಸ್ಟಿಕ್ ಉಬ್ಬಿಕೊಂಡಿತ್ತು. ಬ್ಲೇಡಿನಿಂದ ಸೀಳಿದರೆ ಹಸಿರು ಪುಡಿ ಉದುರಿತು. ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಬಿಟ್ಟರೆ ಕಿಲುಬು ಬರುತ್ತದಲ್ಲ, ಅದೇ. ತಾಮ್ರ ಅನ್ನುವುದು ಮೂರೋ ನಾಲ್ಕೋ ಎಳೆ ಉಳಿದಿತ್ತು. ಗಾಡಿ ಗುಂಡಿಗೆ ಬಿದ್ದಾಗ ಆ ಎಳೆಗಳು ಅಲುಗಾಡುತ್ತವೆ, ಬಿಸಿ ಏರಿದಾಗ ಇನ್ನೂ ಸೋಲುತ್ತವೆ. ಹೆದ್ದಾರಿಯಲ್ಲಿ ನೇರ ಹೋಗುವಾಗ ಗೇರ್ ಬದಲಾಗುವುದೂ ಕಮ್ಮಿ, ಕುಲುಕಾಟವೂ ಕಮ್ಮಿ, ಅದಕ್ಕೇ ಸಕಲೇಶಪುರದಿಂದ ಈಚೆಗೆ ರೋಗ ಇರಲಿಲ್ಲ.

ಹಸಿರು ಪುಡಿ ಯಾಕೆ ಬಂತು ಅಂತ ಈಗ ನೀವು ಕೇಳುತ್ತೀರಿ. ಬ್ಯಾಟರಿಯ ಆ್ಯಸಿಡ್ ಕೆಳಗೆ ಸೋರಿದ್ದು. ಯಾಕೆ ಸೋರಿತು? ನೀರು ಗೆರೆಗಿಂತ ಜಾಸ್ತಿ ಹಾಕಿದರೆ ಚಾರ್ಜ್ ಆಗುವಾಗ ಗುಳ್ಳೆ ಬಂದು ಮುಚ್ಚಳದ ತೂತಿನಿಂದ ಉಕ್ಕುತ್ತದೆ. ಯಾರು ಹಾಕಿದ್ದು? ಊರವರ ಬ್ಯಾಟರಿಗೆಲ್ಲ ಗೆರೆ ನೋಡಿ ಅಳತೆಯಾಗಿ ನೀರು ಹಾಕಿ, ಸಂಜೆ ಮನೆಗೆ ಬಂದು ಕ್ಯಾನಿನಲ್ಲಿ ಉಳಿದದ್ದನ್ನು ಕಾರಿಗೂ ಸುರಿದುಬಿಡೋಣ ಅಂತ ಕತ್ತಲಲ್ಲಿ ಕುತ್ತಿಗೆವರೆಗೆ ಸುರಿಯುತ್ತಿದ್ದ ಮನುಷ್ಯ. ಅಂದ್ರೆ ನಾನು. ಇದನ್ನು ನನ್ನ ಗಿರಾಕಿಗಳು ಓದದಿದ್ದರೆ ಸಾಕು.

ನಾಲ್ಕನೇ ಭಾನುವಾರ ರಿಪೇರಿ, ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅಡುಗೆ ಮನೆಯಿಂದ ಸೋಡ ಪುಡಿ ತಂದು ನೀರಿನಲ್ಲಿ ಕದಡಿ ಟ್ರೇ ಇರುವ ಜಾಗಕ್ಕೆಲ್ಲ ಸುರಿದೆ, ನೊರೆ ಬರುವುದು ನಿಲ್ಲುವವರೆಗೆ. "ಇಡ್ಲಿಗೆ ಇಟ್ಟಿದ್ದು ಅದು" ಅಂತ ಒಳಗಿನಿಂದ ಬೈಗುಳ. ಕಿಲುಬು ಹಿಡಿದ ವೈರನ್ನು ಎರಡೂ ಕಡೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ. ಮೊದಲು ನಾಲ್ಕು ಬೆರಳು ಸಾಕು ಅಂದುಕೊಂಡೆ, ಒಳಗೊಳಗೇ ಹಸಿರು ಹರಿದಿತ್ತು, ಒಂದು ಗೇಣು ಹೋಯ್ತು. ಅದೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದೆ. ಬೆಸುಗೆಯ ಜಾಗ ಗಡುಸಾಗುತ್ತದೆ, ಅಲುಗಿದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಅದಕ್ಕೆ ಆ ಭಾಗವನ್ನು ಅಲುಗಾಡದ ಹಾಗೆ ಬಿಗಿದು ಕಟ್ಟಿದೆ. ವೈರಿಂಗನ್ನು ಟ್ರೇಯಿಂದ ಮೂರು ಬೆರಳು ದೂರ ತಿರುಗಿಸಿದೆ. ಟ್ರೇಗೆ ತುಕ್ಕು ಉಜ್ಜಿ ಬಣ್ಣ.

ಮತ್ತೆ ಬಲ್ಬ್. ಬಿಳಿ. ಬಲ್ಬಿನಲ್ಲಿ 12.1.

ವೈರ್, ಸ್ಲೀವ್, ಬಣ್ಣ ಎಲ್ಲಾ ಸೇರಿ 340 ರೂಪಾಯಿ. ಎಲೆಕ್ಟ್ರಿಷಿಯನ್ ಅಣ್ಣ ಸ್ಕ್ಯಾನಿಂಗಿಗೆ 300 ತಗೊಂಡಿದ್ದರು. ಕತ್ತರಿಸಿದ ವೈರನ್ನು ಕೊಂಡುಹೋಗಿ ತೋರಿಸಿದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಸಿ, ಪುಡಿ ಉದುರಿದ್ದು ನೋಡಿ, "ಇದನ್ನ ಕೊಟ್ಟು ಹೋಗಿ ಸರ್, ಹುಡುಗರಿಗೆ ತೋರಿಸ್ಬೇಕು" ಅಂದರು. ಈಗ ಅವರ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ್ದಾರೆ. ಕೋಡುಗಳನ್ನು ಅಳಿಸಿ ಕೊಟ್ಟರು, ದುಡ್ಡು ಬೇಡ ಅಂದರು.

ಒಂದು ಮಾತ್ರ ಹೆದರಿಕೆ ಹುಟ್ಟಿಸಿತು. ಬ್ಯಾಟರಿ ಕಳಚಿದ್ದರಿಂದ ಗೇರ್‌ಬಾಕ್ಸಿನ ಕಂಪ್ಯೂಟರ್ ತಾನು ಕಲಿತದ್ದನ್ನೆಲ್ಲ ಮರೆತಿತ್ತು. ಮೊದಲ ನಲವತ್ತು ಐವತ್ತು ಕಿಲೋಮೀಟರ್ ಒಂದರಿಂದ ಎರಡಕ್ಕೆ ಹೋಗುವಾಗ ಸಣ್ಣ ಜರ್ಕ್ ಬರುತ್ತಿತ್ತು. ಅಯ್ಯೋ ಮತ್ತೆ ಶುರುವಾಯ್ತಾ ಅಂದುಕೊಂಡೆ. ಮೆಲ್ಲಗೆ ತಾನಾಗಿ ಸರಿ ಹೋಯ್ತು, ಲೈಟೂ ಬರಲಿಲ್ಲ.

ಹೋದ ಶನಿವಾರ ಪುತ್ತೂರಿಗೆ ಹೋಗಿ ಬಂದೆವು. ಅದೇ ಘಾಟಿ, ಅದೇ ಮಳೆ, ಟ್ಯಾಂಕರುಗಳು ಮಾತ್ರ ಬೇರೆ. ಆ ಗುಂಡಿ ಇನ್ನೂ ಅಲ್ಲೇ ಇದೆ, ಸ್ವಲ್ಪ ದೊಡ್ಡದಾಗಿದೆ. ಈ ಸಲ ಬೇಕಂತಲೇ ಅದರೊಳಗೆ ಇಳಿಸಿದೆ. ಒಂದೇ ದಡ್. ಹೆಂಡತಿ, "ರೀ, ಕಣ್ಣು ಕಾಣಲ್ವಾ?" ಅಂದಳು.

ಆ 280 ರೂಪಾಯಿಯ ಹೊಸ ರಿಲೇ ಹಾಗೇ ಉಳಿದಿದೆ, ನಾಲ್ಕು ಪಿನ್ನಿನದು. ಹಾಸನದ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ, ಅರ್ಧ ದಿನ ಮಾತ್ರ ಬಳಸಿದ್ದು.